ನನ್ನ ಕೆಲಸ ಕಿತ್ತುಕೊಂಡ ಸ್ವಿಚ್ಚು

ಮನುಷ್ಯರನ್ನು ಕಂಡು ಹೊಟ್ಟೆ ಉರಿದುಕೊಳ್ಳುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹುಣಸೆಬೀಜದಷ್ಟಿರುವ ಒಂದು ಸ್ವಿಚ್ಚನ್ನು ಕಂಡು ಹೊಟ್ಟೆ ಉರಿದುಕೊಂಡವನು ಇಡೀ ಮಿಲ್ಪಿಟಾಸಿನಲ್ಲಿ ಬಹುಶಃ ನಾನೊಬ್ಬನೇ.

ನಾನಿರುವುದು ಅಕ್ಕ ಭಾವನ ಟೌನ್‌ಹೌಸಿನಲ್ಲಿ. ಕೆಳಗೆ ಗ್ಯಾರೇಜು, ಅದರ ಮೇಲೆ ಅಡುಗೆಮನೆ, ಅದರ ಮೇಲೆ ಮಲಗುವ ಕೋಣೆಗಳು. ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ನನ್ನ ಕೋಣೆ ಮಾತ್ರ ಗ್ಯಾರೇಜಿಗೆ ಅಂಟಿಕೊಂಡು ನೆಲಮಟ್ಟದಲ್ಲಿದೆ. ಭಾವ ಅದನ್ನು ಆಫೀಸ್ ರೂಮು ಎನ್ನುತ್ತಾರೆ, ಅಕ್ಕ ಗೂಡು ಎನ್ನುತ್ತಾಳೆ. ಆ ಗೂಡಿನಲ್ಲಿ ಕೂತು ನಾನು ಮಾಡುವ ಕೆಲಸ, ಸಾಫ್ಟ್‌ವೇರು ಕೈಕೊಟ್ಟಾಗ ಫೋನು ಮಾಡುವ ಗಿರಾಕಿಗಳಿಗೆ ಸಮಾಧಾನ ಹೇಳುವುದು. ಫೋನಿಟ್ಟ ಮೇಲೆ ಅವರ ದನಿಯಲ್ಲೇ ಅವರನ್ನು ಅಣಕಿಸುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಆದರೆ ಶ್ರದ್ಧೆಯಿಂದ ಮಾಡುವುದು ಅದೊಂದನ್ನೇ. ಮಂಡ್ಯದ ಶಾಲೆಯಲ್ಲಿ ಹೆಡ್‌ಮಾಸ್ಟರ ಕೆಮ್ಮಿನಿಂದ ಶುರುವಾದ ಚಟ ಇದು. ಭಾವ ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು ಯೋಚಿಸುವುದು, ಪಕ್ಕದ ಮನೆಯವರು ನಾಯಿಗೆ ಉಪದೇಶ ಮಾಡುವುದು, ವೀಸಾ ಸಂದರ್ಶನದಲ್ಲಿ ನಾನೇ ಬೆವರುತ್ತ ಉಗುಳು ನುಂಗಿದ್ದು, ಎಲ್ಲವೂ ನನ್ನ ಬತ್ತಳಿಕೆಯಲ್ಲಿವೆ.

ಅಕ್ಕ ಹಲ್ಲಿನ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಲಾಸ್ ಆಲ್ಟೋಸಿನ ಸ್ಥಿತಿವಂತರ ಬಾಯಿ ತೆರೆಸಿ ಕೂರಿಸಿ, ಆಮೇಲೆ ಫ್ರೀವೇಯಲ್ಲಿ ತೆವಳಿಕೊಂಡು ಮನೆಗೆ ಬರುತ್ತಾಳೆ. ಅವಳ ಕಾರಿನಲ್ಲಿ, ಗಾಜಿನ ಮೇಲ್ತುದಿಯಲ್ಲಿ ಬಿಸಿಲು ತಡೆಯುವ ಮಡಚು ಹಲಗೆಗೆ ಸಿಕ್ಕಿಸಿದ್ದ, ಗ್ಯಾರೇಜಿನ ಬಾಗಿಲು ತೆರೆಯುವ ರಿಮೋಟು ಒಂದು ದಿನ ಕಳಚಿ ಬಿದ್ದು, ಅವಳದೇ ಚಪ್ಪಲಿಯಡಿ ಸಿಕ್ಕಿ ಪ್ರಾಣಬಿಟ್ಟಿತು. ಭಾವ ಹೊಸದನ್ನೇನೋ ತಂದರು. ಅದು ಪೊಟ್ಟಣದೊಳಗೇ ಫ್ರಿಜ್ಜಿನ ತಲೆಯ ಮೇಲೆ ಕೂತಿತು. "ಈ ವೀಕೆಂಡು ಮಾಡ್ತೀನಿ" ಎಂಬ ಮಾತಿನ ಮೇಲೆ ಎಷ್ಟೋ ವೀಕೆಂಡುಗಳು ಹಾದುಹೋದವು.

ಅಲ್ಲಿಂದ ಶುರುವಾಯಿತು ನನ್ನ ಅಧಿಕಾರಾವಧಿ.

ಸಂಜೆ ಅಕ್ಕ ನಮ್ಮ ಓಣಿಗೆ ತಿರುಗಿದವಳೇ ಫೋನು ಮಾಡುತ್ತಿದ್ದಳು. "ಬಂದೆ ಕಣೋ, ತೆಗಿ." ನಾನು ಗೂಡಿನಿಂದ ಗ್ಯಾರೇಜಿಗೆ ನೆಗೆದು, ಗೋಡೆಯ ಗುಂಡಿ ಒತ್ತುವ ಮುಂಚೆ, ಮುಚ್ಚಿದ ಬಾಗಿಲಿಗೆ ಬಾಯಿಟ್ಟು ನಮ್ಮೂರ ಬಸ್‌ಸ್ಟ್ಯಾಂಡಿನ ದನಿಯಲ್ಲಿ ಮೂಗಿನಿಂದ ಘೋಷಿಸುತ್ತಿದ್ದೆ.

"ಪ್ರಯಾಣಿಕರ ಗಮನಕ್ಕೆ. ಲಾಸ್ ಆಲ್ಟೋಸಿನಿಂದ ಮೌಂಟನ್ ವ್ಯೂ ಮಾರ್ಗವಾಗಿ ಬರಬೇಕಾಗಿದ್ದ ವಾಹನವು ಎಂದಿನಂತೆ ತಡವಾಗಿ ಅಂಕಣ ಸಂಖ್ಯೆ ಒಂದಕ್ಕೆ ಬರುತ್ತಲಿದೆ. ಪ್ರಯಾಣಿಕರು ತಮ್ಮ ತಮ್ಮ ಹಲ್ಲುಗಳ ಬಗ್ಗೆ ಎಚ್ಚರದಿಂದ ಇರಬೇಕಾಗಿ ವಿನಂತಿ."

"ಸಾಕು, ಬಾಗಿಲು ತೆಗಿಯೋ ಕೋತಿ!" ಎಂದು ಹೊರಗಿನಿಂದ ಬೈಗುಳ. ಬಾಗಿಲು ಕಟಕಟನೆ ಮೇಲೇರುತ್ತಿದ್ದಂತೆ ಮೊದಲು ಕಾರಿನ ದೀಪ, ಆಮೇಲೆ ನಗುತ್ತಿರುವ ಅಕ್ಕನ ಮುಖ.

ಅವಳು ಎಂಜಿನ್ ಆರಿಸಿದ ಮೇಲೆ ನಾನು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ. ಅಂದಿನ ಗಿರಾಕಿಗಳೆಲ್ಲ ನನ್ನ ಗಂಟಲಿನಿಂದ ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಅವಳು ಸ್ಟೀರಿಂಗಿಗೆ ಹಣೆ ಒತ್ತಿ ನಗುತ್ತಿದ್ದಳು. ಮೆಟ್ಟಿಲು ಹತ್ತಿದರೆ ಅವಳು ಹೆಂಡತಿ, ಅಮ್ಮ, ಮೈಸೂರಿನ ಅತ್ತೆಯ ವಿಡಿಯೋ ಕಾಲಿಗೆ ಸೊಸೆ. ಕೆಳಗೆ ಆ ಕಾರಿನೊಳಗಿದ್ದಷ್ಟು ಹೊತ್ತು ಮಾತ್ರ ನನ್ನ ಅಕ್ಕ. ಅಷ್ಟು ಹೊತ್ತಿಗಾಗಿ ನಾನು ಮಧ್ಯಾಹ್ನದಿಂದಲೇ ಕಾಯುತ್ತಿದ್ದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಎಲ್ಲರಿಗಿಂತ ಮೊದಲು ನಾನೇ ನನ್ನನ್ನು ಅಣಕಿಸಿಬಿಡುತ್ತಿದ್ದೆ.

ಆಗ ಬಂದ ಫಾಸ್ಟರ್ ಸಿಟಿ.

ಭಾವನ ತಮ್ಮನಿಗೆ ನಾನಿಟ್ಟ ಹೆಸರು ಅದು. ಅದೇ ಹೆಸರಿನ ಊರಿನ ದೊಡ್ಡ ಔಷಧಿ ಕಂಪನಿಯಲ್ಲಿ ಕೆಲಸ, ಲಗೂನಿನ ನೀರಿಗೆ ಮುಖ ಮಾಡಿದ ಅಪಾರ್ಟ್‌ಮೆಂಟು. ನನ್ನದೇ ವಯಸ್ಸು, ತೊಂದರೆಯೇ ಅದು. ಐದು ವರ್ಷ ದೊಡ್ಡವನಾಗಿದ್ದರೆ ಗೌರವ ಕೊಟ್ಟು ಪಾರಾಗಬಹುದಿತ್ತು. ಮಾತು ಮೈಸೂರಿನ ಮೆತ್ತನೆಯ ಮಾತು. "ಅತ್ತಿಗೆ" ಎನ್ನುವುದನ್ನು ತುಪ್ಪದಲ್ಲಿ ಅದ್ದಿ ಹೇಳುತ್ತಾನೆ. ನಾನು ಎಷ್ಟು ಅಭ್ಯಾಸ ಮಾಡಿದರೂ ಆ ಒಂದು ಶಬ್ದ ನನಗೆ ದಕ್ಕಲಿಲ್ಲ. ಎಲ್ಲರನ್ನೂ ಅಣಕಿಸಬಲ್ಲವನಿಗೆ ಒಬ್ಬ ದಕ್ಕದಿದ್ದರೆ ಎಂಥ ಉರಿ ಎಂಬುದು ಕಸುಬುದಾರರಿಗಷ್ಟೇ ಗೊತ್ತು.

ಒಂದು ಭಾನುವಾರ ಊಟಕ್ಕೆ ಬಂದವನು ಫ್ರಿಜ್ಜಿನ ಮೇಲಿನ ಪೊಟ್ಟಣ ನೋಡಿದ.

"ಅತ್ತಿಗೆ, ಇದು ಯಾಕೆ ಇಲ್ಲಿದೆ?"

"ಅದಾ? ನಿಮ್ಮಣ್ಣನ ವ್ರತ. ಇನ್ನೂ ಮುಗಿದಿಲ್ಲ," ಎಂದಳು ಅಕ್ಕ.

"ಮೇಲೆ ಸಿಕ್ಕಿಸಿದ್ರೆ ಮತ್ತೆ ಬೀಳುತ್ತೆ. ಡ್ಯಾಶ್‌ಬೋರ್ಡಲ್ಲೇ ಒಂದು ಸ್ವಿಚ್ಚು ಕೂರಿಸಿಬಿಡ್ಲಾ?"

"ಆಗುತ್ತಾ ಹಂಗೆಲ್ಲ?"

"ಆಗುತ್ತೆ ಅತ್ತಿಗೆ. ನಿಮ್ಮ ಕಾರಲ್ಲಿ ಡಮ್ಮಿ ಬಟನ್ ಇದ್ಯಲ್ಲ."

ಇತ್ತು. ಸ್ಟೀರಿಂಗಿನ ಎಡಕ್ಕೆ, ದುಬಾರಿ ಮಾಡೆಲ್ಲಿನವರಿಗೆ ಏನೋ ಸೌಕರ್ಯ ಇರಬೇಕಾದ ಜಾಗದಲ್ಲಿ ನಮ್ಮಂಥವರಿಗೆ ಬರೀ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ನೋಡಲು ಗುಂಡಿಯ ಹಾಗೆ, ಒತ್ತಿದರೆ ಏನೂ ಆಗದು. ಮನೆಯಲ್ಲಿ ನನ್ನ ಸ್ಥಾನಮಾನವೂ ಹೆಚ್ಚುಕಡಿಮೆ ಅದೇ ಆದ್ದರಿಂದ ನನಗೆ ಅದರ ಮೇಲೆ ಪ್ರೀತಿಯಿತ್ತು. ಅವನು ಅದನ್ನು ಉಗುರಿನಿಂದ ಎಬ್ಬಿಸಿ ಕಿತ್ತು ನನ್ನ ಅಂಗೈಯಲ್ಲಿಟ್ಟ. "ಇಟ್ಕೊಂಡಿರು ಗುರು."

ಕಾರಿನ ಡಿಕ್ಕಿಯಿಂದ ಅವನ ಟೂಲ್‌ಬಾಕ್ಸು ಬಂತು. ಒಂದೊಂದು ಅರೆ ಎಳೆದಾಗಲೂ ಅಕ್ಕನ ಹುಬ್ಬು ಒಂದೊಂದು ಮೆಟ್ಟಿಲು ಏರುತ್ತಿತ್ತು. ಹಲ್ಲಿನ ಡಾಕ್ಟರಿಗೆ ಸಣ್ಣ ಸಣ್ಣ ಉಪಕರಣಗಳ ಮೇಲೆ ಮೋಹವಿರುತ್ತದೆ. ಅವನು ರಿಮೋಟಿನ ಹೊಟ್ಟೆ ಬಿಚ್ಚಿ, ಅದರ ಗುಂಡಿಯ ಎರಡು ಕಾಲುಗಳಿಗೆ ಎರಡು ಎಳೆ ತಂತಿ ಬೆಸುಗೆ ಹಾಕಿ, ಡ್ಯಾಶ್‌ಬೋರ್ಡಿನ ಹಿಂದಿನಿಂದ ನುಸುಳಿಸಿ ತಂದು, ಖಾಲಿ ತೂತಿಗೆ ಒಂದು ಪುಟ್ಟ ಒತ್ತು ಸ್ವಿಚ್ಚು ಕೂರಿಸಿ, ತಂತಿಗಳನ್ನು ಅದಕ್ಕೆ ಸೇರಿಸಿದ. ಸ್ವಿಚ್ಚು ಒತ್ತಿದರೆ ಒಳಗಡಗಿರುವ ರಿಮೋಟಿನ ಗುಂಡಿಯನ್ನೇ ಒತ್ತಿದಂತೆ. ಅಷ್ಟೇ ವಿದ್ಯೆ. ಬೆಸುಗೆಯ ಹೊಗೆಯನ್ನು ಊದಿದ ರೀತಿ ಕೂಡ ನೀಟಾಗಿತ್ತು.

"ಎಷ್ಟು ಸ್ಟೆಡಿ ಕೈ ಕಣಪ್ಪ ನಿಂದು. ರೂಟ್ ಕೆನಾಲ್ ಮಾಡಬಹುದು," ಎಂದಳು ಅಕ್ಕ.

ಅವಳು ಕೊಡಬಲ್ಲ ಅತ್ಯುನ್ನತ ಪ್ರಶಸ್ತಿ ಅದು. ನಾನು ಹಿಡಿದಿದ್ದ ಟಾರ್ಚು ಆ ಕ್ಷಣವೇ ವಾಲಿ, ಬೆಳಕು ಅವನ ಕಣ್ಣಿಗೆ ಹೋಯಿತು. ಬೇಕೆಂದೇ ಅಲ್ಲ. ಅಂದರೆ, ಪೂರ್ತಿ ಬೇಕೆಂದೇ ಅಲ್ಲ.

ಕೊನೆಗೆ ಬಾಗಿಲಿನ ಮೋಟರಿಗೆ ಹೊಸ ರಿಮೋಟಿನ ಪರಿಚಯ ಮಾಡಿಸಬೇಕಿತ್ತು. ಮೋಟರು ಛಾವಣಿಯಲ್ಲಿದೆ. ಯಾರಾದರೂ ಏಣಿ ಹತ್ತಿ ಅದರ ಬೆನ್ನಿನ ಗುಂಡಿ ಒತ್ತಬೇಕು, ಆಗ ಕೆಳಗಿನಿಂದ ಸ್ವಿಚ್ಚು ಒತ್ತಬೇಕು. "ಗುರು, ಸ್ವಲ್ಪ ಹತ್ತುತೀಯಾ?" ಎಂದ. ಹತ್ತಿದೆ. ಒತ್ತಿದೆ. ಕೆಳಗೆ ಅಕ್ಕ ತನ್ನ ಹೊಸ ಸ್ವಿಚ್ಚು ಒತ್ತಿದಳು. ಬಾಗಿಲು ಕಟಕಟನೆ ಮೇಲೇರಿತು. ಅಕ್ಕ ಚಪ್ಪಾಳೆ ತಟ್ಟಿದಳು. ನನ್ನನ್ನು ಕೆಲಸದಿಂದ ತೆಗೆದ ಆದೇಶಕ್ಕೆ ನಾನೇ ಏಣಿ ಹತ್ತಿ ಮುದ್ರೆ ಒತ್ತಿ ಇಳಿದುಬಂದೆ.

ಮರುದಿನ ಸಂಜೆ ಫೋನು ಬರಲಿಲ್ಲ. ಗೋಡೆಯಾಚೆ ಕಟಕಟ ಕೇಳಿಸಿತು, ಕಾರು ಒಳಗೆ ಬಂತು, ಮತ್ತೆ ಕಟಕಟ, ಬಾಗಿಲು ಮುಚ್ಚಿತು. ಕರೆಯದೆ ಹೋಗಬಾರದೆಂದು ನಾನು ಬಿಗುಮಾನದಿಂದ ಕೂತೆ. ಅವಳು ಕರೆಯಲಿಲ್ಲ. ತುಸು ಹೊತ್ತಿನ ನಂತರ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು. ಆಮೇಲಿನ ದಿನಗಳಲ್ಲೂ ಅದೇ. ಅವಳಿಗೆ ಕರೆಯಬೇಕೆನಿಸಲಿಲ್ಲವೇ ಎಂದು ನಾನು ಒಳಗೆ ಹುರಿದುಹೋಗುತ್ತಿದ್ದರೆ, ಊಟದ ಹೊತ್ತಿಗೆ ಅವಳು ಭಾವನೊಡನೆ, "ನಿಮ್ಮ ತಮ್ಮ ಮಾಡಿಕೊಟ್ಟಿದ್ರಿಂದ ನನ್ನ ಜನ್ಮ ಉದ್ಧಾರ ಆಯ್ತು ರೀ," ಎನ್ನುತ್ತಿದ್ದಳು. ಒಂದು ಬಾಗಿಲು ತಾನಾಗಿ ತೆರೆದುಕೊಂಡರೆ ಜನ್ಮ ಉದ್ಧಾರ! ಹಾಗಾದರೆ ಅಷ್ಟು ತಿಂಗಳು ಮೂಗಿನಲ್ಲಿ ಕೂಗಿದ ನನ್ನಿಂದ ಉದ್ಧಾರವಾದದ್ದೇನು?

ಆಯುಧಪೂಜೆ ಬಂತು. ಅಕ್ಕನ ಆಯುಧಪೂಜೆಯಲ್ಲಿ ಪಕ್ಷಪಾತವಿಲ್ಲ. ಕಾರುಗಳು, ಡ್ರಿಲ್ಲು, ವ್ಯಾಕ್ಯೂಮು, ಭಾವನ ಲ್ಯಾಪ್‌ಟಾಪು, ಕ್ಲಿನಿಕ್ಕಿನಿಂದ ತಂದ ಹಲ್ಲು ನೋಡುವ ಕನ್ನಡಿ, ಎಲ್ಲಕ್ಕೂ ಗಂಧ, ಕುಂಕುಮ, ಮೇಲೊಂದು ಸೇವಂತಿಗೆ. ಕಚೇರಿಯಿಂದ ಎಲ್ಲರೂ ಬಂದ ಮೇಲೆ ಗ್ಯಾರೇಜಿನಲ್ಲಿ ಪೂಜೆ ಇಟ್ಟುಕೊಂಡಿದ್ದಳು. ಇಂಡಿಯನ್ ಗ್ರೋಸರಿಯ ನಿಂಬೆಹಣ್ಣು ಚಕ್ರದಡಿ, ಬೂದುಗುಂಬಳಕಾಯಿ ಹೊಸಿಲ ಬಳಿ. ನಾನು ನಾಲಿಗೆ ಚಾಚಿ ಮುಂದೆ ನಿಂತೆ.

"ಅಕ್ಕ, ನನ್ನ ಆಯುಧ ಇದೊಂದೇ. ಹಚ್ಚು."

"ಅದನ್ನ ಒರೆಯೊಳಗಿಡು ಮೊದಲು," ಎಂದು ಗಂಧದ ಬೆರಳಿನಿಂದಲೇ ನನ್ನ ಗಲ್ಲ ತಳ್ಳಿ, ಅವಳು ಕಾರಿನೊಳಗೆ ಬಾಗಿ ಡ್ಯಾಶ್‌ಬೋರ್ಡಿನ ಸೇವೆಗೆ ನಿಂತಳು. ಅಲ್ಲೇ ತುಂಬ ಹೊತ್ತು ಇದ್ದಳು.

ಮರುದಿನ ಸಂಜೆ ನನ್ನ ಫೋನು ಬಡಿದುಕೊಂಡಿತು.

"ಲೋ, ಸ್ವಿಚ್ಚು ಕೆಲಸ ಮಾಡ್ತಿಲ್ಲ. ಬೆಳಿಗ್ಗೆ ಸರಿಯಾಗೇ ಇತ್ತು. ಬಾಗಿಲು ತೆಗಿ."

ಗಿರಾಕಿಯೊಬ್ಬನನ್ನು ಫೋನಿನಲ್ಲಿ ನೇತುಹಾಕಿಯೇ ಓಡಿದೆ. ಅಂದು ನಾನು ಮಾಡಿದ ಘೋಷಣೆ ನನ್ನ ವೃತ್ತಿಜೀವನದಲ್ಲೇ ಉದ್ದವಾದದ್ದು. ನಡುವೆ ಕಾಣೆಯಾದ ಮಗುವಿನ ಪ್ರಕಟಣೆಯೂ ಇತ್ತು, ಸೌತೆಕಾಯಿ ಮಾರುವವನೂ ಬಂದುಹೋದ. ಬಾಗಿಲು ಏರಿತು. ದೀಪದ ಹಿಂದೆ ಅಕ್ಕನ ಮುಖ. ನಗು ಇರಲಿಲ್ಲ.

"ನೀನೇನಾದ್ರೂ ಕೈಯಾಡಿಸಿದ್ಯೇನ್ಲಾ?"

ಅಕ್ಕನ ಬಾಯಲ್ಲಿ ಮಂಡ್ಯ ಇಣುಕಿತೆಂದರೆ ವಿಷಯ ಗಂಭೀರ.

"ನಾನಾ? ನಂಗೆ ಟ್ಯೂಬ್‌ಲೈಟ್ ಹಾಕೋಕೇ ಬರಲ್ಲ."

"ಹಾಕೋಕೆ ಬರಲ್ಲ. ಕೀಳೋಕೆ ಬರುತ್ತೆ."

"ಆಣೆಗೂ ಇಲ್ಲ ಅಕ್ಕ."

"ಯಾರ ದನೀಲಿ ಆಣೆ ಮಾಡ್ತಿದೀಯ ಈಗ?"

ಇದೊಂದು ಕಷ್ಟ ನನ್ನಂಥವರಿಗೆ. ಎಲ್ಲರ ದನಿಯಲ್ಲೂ ಮಾತಾಡಿ ಮಾತಾಡಿ, ನಮ್ಮದೇ ದನಿ ಬೇಕಾದಾಗ ಅದನ್ನು ನಂಬುವವರಿರುವುದಿಲ್ಲ. ನಾನು ಏನೂ ಮಾಡಿರಲಿಲ್ಲ. ಹಾಗೆಂದು ನಾನು ಸಾಧುವೂ ಅಲ್ಲ. ಅಷ್ಟು ದಿನ ಆ ಸ್ವಿಚ್ಚಿನ ಪಕ್ಕದ ಗೋಡೆಯಾಚೆಗೇ ಮಲಗಿದ್ದರೂ ಅದನ್ನು ಕೆಡಿಸುವ ಯೋಚನೆ ಹೊಳೆಯಲಿಲ್ಲವಲ್ಲ, ಯಾರೋ ಅಥವಾ ಯಾವುದೋ ನನಗಿಂತ ಮೊದಲು ಮಾಡಿಬಿಟ್ಟಿತಲ್ಲ ಎಂದು ಅದರ ಮೇಲೂ ಹೊಟ್ಟೆ ಉರಿಯಿತು.

ಫಾಸ್ಟರ್ ಸಿಟಿ ಶನಿವಾರ ಬರುತ್ತೇನೆಂದ. ಅಲ್ಲಿಯವರೆಗೆ ಮತ್ತೆ ನನ್ನ ರಾಜ್ಯಭಾರ. ಸಂಜೆ ಸಂಜೆ ಬಾಗಿಲು ತೆಗೆದು, ಪಕ್ಕದ ಸೀಟಿಗೆ ಹಾರಿ, ಕೂಡಿಟ್ಟುಕೊಂಡಿದ್ದ ಸರಕನ್ನೆಲ್ಲ ಬಿಚ್ಚಿದೆ. ಅಕ್ಕ ಕಣ್ಣು ಮುಚ್ಚಿ, ತಲೆ ಹಿಂದಕ್ಕೊರಗಿಸಿ ಕೇಳುತ್ತಿದ್ದಳು. ನಗಬೇಕಾದಲ್ಲಿ ನಗುತ್ತಿದ್ದಳು, ಆದರೆ ಒಂದು ಗಳಿಗೆ ತಡವಾಗಿ, ದೂರದ ಫೋನಿನಲ್ಲಿ ದನಿ ತಲುಪಿದ ಹಾಗೆ. ನನ್ನ ಮೇಲಿನ ಅನುಮಾನ ಇನ್ನೂ ಹೋಗಿಲ್ಲ ಎಂದುಕೊಂಡು ನಾನು ಇನ್ನಷ್ಟು ಜೋರಾಗಿ ಆಡಿದೆ.

ಶನಿವಾರ ಅವನು ಬಂದ. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ತೂರಿಕೊಂಡು ರಿಮೋಟು ಹೊರಗೆಳೆದ. ಬ್ಯಾಟರಿ ಪೂರ್ತಿ ಖಾಲಿ. ಹೊಸದನ್ನು ಹಾಕಿದ. ಯಾರೂ ಏನೂ ಒತ್ತಿರಲಿಲ್ಲ, ಆದರೂ ರಿಮೋಟಿನ ಕೆಂಪು ದೀಪ ಹತ್ತಿಕೊಂಡಿತು, ಆರಲೇ ಇಲ್ಲ.

"ಸ್ವಿಚ್ಚು ಒಳಗೇ ಸಿಕ್ಕಾಕೊಂಡಿದೆ," ಎಂದ. "ಯಾರೋ ಒತ್ತಿ ಹಿಡ್ಕೊಂಡೇ ಇದ್ದಂಗೆ. ಅತ್ತಿಗೆ, ಇದರ ಮೇಲೆ ಏನಾದ್ರೂ ಬಿತ್ತಾ? ಕಾಫಿ, ಜ್ಯೂಸು?"

"ನಾನು ಕಾರಲ್ಲಿ ನೀರೂ ಕುಡಿಯಲ್ಲಪ್ಪ." ಇಷ್ಟು ಹೇಳಿ ಅಕ್ಕ ನನ್ನ ಕಡೆ ನೋಡಿದಳು. ನಾನು ಛಾವಣಿ ನೋಡಿದೆ.

ಅವನು ಸ್ವಿಚ್ಚನ್ನು ತೂತಿನಿಂದ ಬಿಡಿಸಿ ಬೆಳಕಿಗೆ ಹಿಡಿದ. ಅಂಚಿನ ಸಂದಿಯಲ್ಲಿ ಹಳದಿಯ ಏನೋ ಗಟ್ಟಿಯಾಗಿ ಒಣಗಿತ್ತು. ಮೂಗಿನ ಬಳಿ ಒಯ್ದ. ಆಮೇಲೆ ಏನೂ ಹೇಳದೆ ನನ್ನ ಮೂಗಿನ ಬಳಿ ಹಿಡಿದ. ನಮ್ಮ ದೇವರಮನೆಯ ವಾಸನೆ!

"ಗಂಧ," ಎಂದೆ ನಾನು. ನ್ಯಾಯಾಧೀಶರ ದನಿಯಲ್ಲಿ ಹೇಳಬಹುದಿತ್ತು. ಯಾಕೋ ನನ್ನದೇ ದನಿ ಬಂತು.

ಅಕ್ಕ ಸೆರಗಿಲ್ಲದ್ದರಿಂದ ದುಪಟ್ಟಾವನ್ನೇ ಬಾಯಿಗೆ ಒತ್ತಿಕೊಂಡಳು. "ಅಯ್ಯೋ ಶಿವನೇ! ಹೊಸದಲ್ವಾ ಅಂತ ಅದಕ್ಕೆ ಚೆನ್ನಾಗಿ ಮೆತ್ತಿದೆ. ಸ್ವಲ್ಪ ನೀರಾಗಿತ್ತು ಗಂಧ."

"ರಾತ್ರಿ ಒಳಗಿಳಿದು ಒಣಗಿದೆ. ಬೆಳಿಗ್ಗೆ ನೀವು ಬಾಗಿಲು ಮುಚ್ಚೋಕೆ ಒತ್ತಿದ್ದು ಮತ್ತೆ ಮೇಲೆ ಬರಲೇ ಇಲ್ಲ. ಸಂಜೆ ತನಕ ಬ್ಯಾಟರಿ ತಿಂದುಹಾಕಿದೆ," ಎಂದು ಅವನು ಹತ್ತಿಯ ಕಡ್ಡಿಯಿಂದ ಒರೆಸತೊಡಗಿದ. "ನನ್ನದೇ ತಪ್ಪು ಅತ್ತಿಗೆ. ಆಯುಧಪೂಜೆ ಅಂತ ಒಂದಿದೆ ಅನ್ನೋದನ್ನ ಡಿಸೈನಲ್ಲೇ ಯೋಚನೆ ಮಾಡ್ಬೇಕಿತ್ತು."

ಗೆದ್ದವನು ಹೀಗೆ ವಿನಯವಾಗಿ ನಿಂತರೆ ಸೋತವನಿಗೆ ಬೈಯುವುದಕ್ಕೂ ದಾರಿಯಿರುವುದಿಲ್ಲ. ಅಕ್ಕ ನನ್ನ ತಲೆಗೆ ಮೊಟಕಿ, "ಸಾರಿ ಕಣೋ," ಎಂದಳು. ನಿರಪರಾಧಿ ಎಂದು ಸಾಬೀತಾದ ಧೈರ್ಯದಲ್ಲಿ ನಾನು ಕೇಳಿಯೇಬಿಟ್ಟೆ.

"ಅಕ್ಕ, ಅದನ್ನ ಬಿಟ್ಟುಬಿಡೋಣ. ವರ್ಷ ವರ್ಷ ಹಿಂಗೇ ಆಗುತ್ತೆ. ಬಾಗಿಲು ತೆಗಿಯೋಕೆ ನಾನಿದೀನಲ್ಲ."

"ಬೇಡ ಕಣೋ. ನಂಗೆ ಸ್ವಿಚ್ಚು ಬೇಕು."

"ಅವನು ಮಾಡಿದ್ದು ಅಂತಾನಾ?"

ಫಾಸ್ಟರ್ ಸಿಟಿ ಥಟ್ಟನೆ ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ಹೋದ. ಅಲ್ಲಿ ಅವನಿಗೆ ಯಾವ ಕೆಲಸವೂ ಉಳಿದಿರಲಿಲ್ಲ.

ಅಕ್ಕ ಕಾರಿನ ಬಾಗಿಲಿಗೆ ಒರಗಿ ನಿಂತಳು. "ಬೆಳಿಗ್ಗೆಯಿಂದ ಡ್ರಿಲ್ಲು ಕಿವೀಲಿ ಗುಂಯ್ ಅಂತಿರುತ್ತೆ. ಆಮೇಲೆ ಫ್ರೀವೇ. ಮೇಲೆ ಹೋದ್ರೆ ಹೋಮ್‌ವರ್ಕು, ಅಡುಗೆ, ಫೋನು. ಈ ಸ್ವಿಚ್ಚು ಬಂದ್ಮೇಲೆ ಒಳಗೆ ಬಂದು, ಬಾಗಿಲು ಮುಚ್ಕೊಂಡು, ಎಂಜಿನ್ ಆಫ್ ಮಾಡಿ ಹಂಗೇ ಕೂತಿರ್ತೀನಿ. ಒಂದತ್ತು ನಿಮಿಷ. ಯಾರೂ ಏನೂ ಕೇಳಲ್ಲ. ಯಾರಿಗೋಸ್ಕರಾನೂ ನಗಬೇಕಾಗಿಲ್ಲ."

ನಾನು ಮೆಟ್ಟಿಲ ಮೇಲೆ ಹೆಜ್ಜೆ ತಡವಾಗಿ ಕೇಳಿಸುತ್ತಿದ್ದುದನ್ನು ನೆನೆದೆ. "ಅಂದ್ರೆ, ಇಷ್ಟು ದಿನ ಸುಮ್ನೆ ನಗ್ತಿದ್ಯಾ?"

"ಅರ್ಧ ದಿನ ನಿಜವಾಗ್ಲೂ ನಗ್ತಿದ್ದೆ."

"ಇನ್ನರ್ಧ?"

"ನೀನು ಬೇಜಾರು ಮಾಡ್ಕೋತೀಯ ಅಂತ."

ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ರೂಡ್ರೈವರು ಜಾರಿ ಬಿದ್ದ ಸದ್ದಾಯಿತು. ಅಷ್ಟು ದಿನ ನಾನು ಅವನ ಮೇಲೆ, ಅವನ ಟೂಲ್‌ಬಾಕ್ಸಿನ ಮೇಲೆ, ಅವನ "ಅತ್ತಿಗೆ"ಯ ಮೇಲೆ ಉರಿದಿದ್ದೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು. ನನ್ನ ಅಕ್ಕನನ್ನು ನನ್ನಿಂದ ಕಿತ್ತುಕೊಂಡದ್ದು ಆ ಹತ್ತು ನಿಮಿಷದ ಮೌನ. ಅದನ್ನು ಹೇಗೆಂದು ಅಣಕಿಸುವುದು? ಅದಕ್ಕೆ ಕೆಮ್ಮೂ ಇಲ್ಲ, ಉಗ್ಗೂ ಇಲ್ಲ, ಮೂಗೂ ಇಲ್ಲ.

ಸ್ವಿಚ್ಚು ಮತ್ತೆ ತೂತಿಗೆ ಕೂತಿತು. ಅವನು ಎರಡು ಸಲ ಒತ್ತಿ ತೋರಿಸಿದ, ಬಾಗಿಲು ಏರಿ ಇಳಿಯಿತು. ಹೊರಡುವಾಗ ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ, "ಗುರು, ನಂಗೊತ್ತಿರಲಿಲ್ಲ," ಎಂದ. "ನಂಗೂ," ಎಂದೆ. ಆ ಒಳ್ಳೆಯತನಕ್ಕೂ ನನಗೆ ಕೋಪ ಬಂತು ಎಂಬುದನ್ನು ದಾಖಲಿಸಿಬಿಡುತ್ತೇನೆ.

ಸೋಮವಾರ ಸಂಜೆ ಗೋಡೆಯಾಚೆ ಬಾಗಿಲು ಏರಿತು, ಇಳಿಯಿತು. ಎಂಜಿನ್ ನಿಂತಿತು. ನಾನು ಗೂಡಿನಲ್ಲಿ ಕೂತು ಉಗುರು ನೋಡಿಕೊಂಡೆ. ಅವಳು ಅಲ್ಲಿ ಒಬ್ಬಳೇ, ನನ್ನ ಅವಶ್ಯಕತೆಯಿಲ್ಲದೆ, ಹಾಯಾಗಿ ಇದ್ದಾಳೆ ಎಂಬುದನ್ನು ತಡೆದುಕೊಳ್ಳಲು ಪ್ರಯತ್ನಿಸಿದೆ. ಮಂಗಳವಾರವೂ ಪ್ರಯತ್ನಿಸಿದೆ. ಬುಧವಾರ ಆಗಲಿಲ್ಲ.

ಗ್ಯಾರೇಜಿನ ಒಳಬಾಗಿಲನ್ನು ಸದ್ದಾಗದಂತೆ ತೆರೆದು ಹೋದೆ. ಬಾಗಿಲು ಏರಿಳಿದಾಗ ಹತ್ತಿಕೊಳ್ಳುವ ಮೋಟರಿನ ದೀಪ ಇನ್ನೂ ಉರಿಯುತ್ತಿತ್ತು. ಅಕ್ಕ ಸೀಟಿಗೊರಗಿ ಕಣ್ಣು ಮುಚ್ಚಿದ್ದಳು. ಬೂಟು ಕಳಚಿ ಒಂದು ಕಾಲನ್ನು ಮಡಿಸಿ ಕೂತಿದ್ದಳು, ಮಂಡ್ಯದಲ್ಲಿ ಪರೀಕ್ಷೆಗೆ ಓದುವಾಗ ಕೂರುತ್ತಿದ್ದ ಹಾಗೆ. ನಾನು ಪಕ್ಕದ ಬಾಗಿಲು ತೆರೆದೆ. ಸೀಟಿನ ಮೇಲೆ ಅವಳ ಹ್ಯಾಂಡ್‌ಬ್ಯಾಗು ಯಜಮಾನನಂತೆ ಕೂತಿತ್ತು. ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು, ಬ್ಯಾಗನ್ನು ನೋಡಿದಳು. ಇಬ್ಬರಲ್ಲಿ ಯಾರನ್ನು ಉಳಿಸಿಕೊಳ್ಳುವುದೆಂದು ನಿಜಕ್ಕೂ ಯೋಚಿಸುತ್ತಿದ್ದಳು, ಅವಳ ಮುಖ ನನಗೆ ಗೊತ್ತು.

ಆಮೇಲೆ ಬ್ಯಾಗೆತ್ತಿ ಹಿಂದಿನ ಸೀಟಿಗೆ ಹಾಕಿದಳು.

"ಮಾತಾಡಿದ್ರೆ ಇಳಿಸ್ತೀನಿ."

ಕೂತೆ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ. ಬಾಯಿ ಮುಚ್ಚಿಕೊಂಡು ಅಭ್ಯಾಸವಿಲ್ಲದ್ದರಿಂದ ತುಟಿಗಳು ತುಸು ಹೊತ್ತು ಅದುರಿದವು. ಅವಳು ಮತ್ತೆ ಕಣ್ಣು ಮುಚ್ಚಿದಳು. ಮೇಲಿನಿಂದ ಕುಕ್ಕರಿನ ಸೀಟಿ ಕೇಳಿಸಿತು, ಭಾವ ಏನನ್ನೋ ಹುಡುಕುತ್ತ ಓಡಾಡುತ್ತಿದ್ದರು. ಆ ಓಡಾಟವನ್ನು ಹೇಗೆ ಮಾಡಿ ತೋರಿಸಬೇಕೆಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಮಾಡಲಿಲ್ಲ. ಮೋಟರಿನ ದೀಪ ತಾನಾಗಿ ಆರಿತು, ನಾವಿಬ್ಬರೂ ಕತ್ತಲಲ್ಲಿ ಸುಮ್ಮನೆ ಕೂತೆವು.